ಸಂಶೋಧನ ಮಂದಿರದ ಬಾಗಿಲು

ಸಂಶೋಧನ ಮಂದಿರವೆಂಬ ಮಾತು ಕಿವಿಗೆ ಬಿದ್ದೊಡನೆ ವಿದ್ಯಾರ್ಥಿಗಳಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ ಬಗೆಯದು. ಎತ್ತರವಾದ ಗೋಡೆ, ಹೆಬ್ಬಾಗಿಲಿನಲ್ಲಿ ಕಾವಲುಗಾರ, ಒಳಗೆ ಮರಗಳ ಮರೆಯಲ್ಲಿ ನಿಶ್ಶಬ್ದವಾಗಿ ನಿಂತ ಕಟ್ಟಡಗಳು, ಅವುಗಳಲ್ಲಿ ನಮಗೆ ಅರ್ಥವಾಗದ ಯಂತ್ರಗಳ ಮುಂದೆ ಕುಳಿತ ಪಂಡಿತರು. ಆ ಗೋಡೆಯ ಒಳಗೆ ನಡೆಯುವುದಕ್ಕೂ ಶಾಲೆಯ ಕೊಠಡಿಯಲ್ಲಿ ತಾವು ಬಾಯಿಪಾಠ ಮಾಡುವ ನಿಯಮಗಳಿಗೂ ಏನಾದರೂ ಸಂಬಂಧವುಂಟೆ ಎಂದು ಅವರು ಸಂದೇಹಪಟ್ಟರೆ ಆಶ್ಚರ್ಯವಿಲ್ಲ.

ಸಂಬಂಧವುಂಟು. ಆದರೆ ಅದು ತಾನಾಗಿ ಉಂಟಾಗುವುದಿಲ್ಲ. ಯಾರಾದರೂ ಆ ಬಾಗಿಲನ್ನು ತೆರೆಯಬೇಕು. ವಿಜ್ಞಾನದ ಚರಿತ್ರೆಯಲ್ಲಿ ಬಾಗಿಲು ತೆರೆದ ಬಗೆಗಳು ಹಲವು. ಸಂಸ್ಥೆಯು ಎಳೆಯರನ್ನು ಕರೆದು ಉಪನ್ಯಾಸ ಕೊಡಬಹುದು. ಆಸಕ್ತನಾದವನಿಗೆ ಪ್ರಯೋಗಾಲಯವನ್ನೇ ಬಿಟ್ಟುಕೊಡಬಹುದು. ವಿಜ್ಞಾನಿಗಳೇ ಹೊರಬಂದು ಹಳ್ಳಿಯ ಶಾಲೆಯವರೆಗೆ ನಡೆದು ಹೋಗಬಹುದು. ಮೊದಲನೆಯದಕ್ಕೆ ಲಂಡನ್ ನಗರ, ಎರಡನೆಯದಕ್ಕೆ ಕಲ್ಕತ್ತ, ಮೂರನೆಯದಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆ ಒಳ್ಳೆಯ ನಿದರ್ಶನಗಳು. ಈ ಮೂರನ್ನೂ ಕ್ರಮವಾಗಿ ನೋಡಿ, ಅವುಗಳಿಂದ ನಾವು ಕಲಿಯಬೇಕಾದುದೇನೆಂಬುದನ್ನು ವಿಚಾರ ಮಾಡೋಣ.

ನಾಲ್ಕು ಉಪನ್ಯಾಸಗಳು

ಲಂಡನ್ನಿನ ಆಲ್ಬೆಮಾರ್ಲ್ ಬೀದಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಿದೆ. ಅದು ಸ್ಥಾಪಿತವಾದುದು ೧೭೯೯ರಲ್ಲಿ. ವಿಜ್ಞಾನದ ಹೊಸ ತಿಳಿವಳಿಕೆ ಪಂಡಿತರಲ್ಲಿಯೇ ಉಳಿಯದೆ ಜನಜೀವನಕ್ಕೆ ಒದಗಬೇಕೆಂಬುದು ಸ್ಥಾಪಕರ ಉದ್ದೇಶ. ಆದಕಾರಣ ಅಲ್ಲಿ ನೆಲಮಾಳಿಗೆಯ ಪ್ರಯೋಗಾಲಯವೂ ಸಾರ್ವಜನಿಕ ಉಪನ್ಯಾಸ ಮಂದಿರವೂ ಒಂದೇ ಸೂರಿನ ಕೆಳಗೆ ಬಂದುವು.

೧೮೧೨ರಲ್ಲಿ ಅಲ್ಲಿ ಉಪನ್ಯಾಸಕನಾಗಿದ್ದವನು ಹಂಫ್ರಿ ಡೇವಿ. ಪೊಟ್ಯಾಸಿಯಂ ಮತ್ತು ಸೋಡಿಯಂ ಲೋಹಗಳನ್ನು ೧೮೦೭ರಲ್ಲಿ ಅದೇ ಕಟ್ಟಡದಲ್ಲಿ ಮೊದಲ ಬಾರಿಗೆ ಬೇರ್ಪಡಿಸಿದ ರಸಾಯನವಿಜ್ಞಾನಿ. ಅವನ ಮಾತನ್ನು ಕೇಳಲು ಲಂಡನ್ನಿನ ಸ್ಥಿತಿವಂತರು ಸಾಲುಸಾಲಾಗಿ ಸಾರೋಟುಗಳಲ್ಲಿ ಬರುತ್ತಿದ್ದರು. ಅವರ ನಡುವೆ ಆ ವರ್ಷ ಇಪ್ಪತ್ತು ವಯಸ್ಸಿನ ಬಡ ಯುವಕನೊಬ್ಬ ಮೇಲಿನ ಗ್ಯಾಲರಿಯಲ್ಲಿ ಕುಳಿತು, ಡೇವಿಯ ಮಾತನ್ನು ಬಿಡದೆ ಗುರುತುಹಾಕಿಕೊಳ್ಳುತ್ತಿದ್ದ. ಅವನೇ ಮೈಕೇಲ್ ಫ್ಯಾರಡೆ. ತಂದೆ ಕಮ್ಮಾರ. ಹದಿನಾಲ್ಕನೆಯ ವಯಸ್ಸಿಗೇ ಹುಡುಗ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯನ್ನು ಸೇರಿದ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದಿದುದೇ ಅವನ ವಿದ್ಯಾಭ್ಯಾಸ. ವಿಶ್ವಕೋಶವೊಂದರಲ್ಲಿ ವಿದ್ಯುತ್ತಿನ ವಿಷಯವನ್ನು ಓದಿ, ಕೈಗೆ ಸಿಕ್ಕಿದ ಸಾಮಾನುಗಳಿಂದ ಪ್ರಯೋಗ ಮಾಡಿನೋಡುವ ಹುಚ್ಚು ಅವನಿಗೆ ಹಿಡಿದಿತ್ತು. ಅಂಗಡಿಯ ಗಿರಾಕಿಯೊಬ್ಬನು ಇದನ್ನು ಕಂಡು, ಡೇವಿಯ ಉಪನ್ಯಾಸಗಳಲ್ಲಿ ನಾಲ್ಕಕ್ಕೆ ಟಿಕೆಟ್ಟುಗಳನ್ನು ಕೊಟ್ಟ. ಬಾಗಿಲು ತೆರೆದುದು ಇಷ್ಟರಿಂದ.

ಮುಂದಿನದು ಫ್ಯಾರಡೆಯ ಸ್ವಂತ ಪ್ರಯತ್ನ. ವಿಜ್ಞಾನದ ಕೆಲಸ, ಎಷ್ಟೇ ಕೀಳಾದದ್ದಾದರೂ ಸರಿ, ಕೊಡಿರೆಂದು ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಅವನು ಕಾಗದ ಬರೆದ; ಉತ್ತರ ಬರಲಿಲ್ಲ. ಅವನು ಎದೆಗುಂದದೆ, ಡೇವಿಯ ಉಪನ್ಯಾಸಗಳ ಟಿಪ್ಪಣಿಯನ್ನು ಚಿತ್ರಗಳೊಡನೆ ನಕಲುಮಾಡಿ, ತಾನೇ ರಟ್ಟು ಕಟ್ಟಿ, ೧೮೧೨ರ ಕೊನೆಯಲ್ಲಿ ಡೇವಿಗೆ ಕಳುಹಿಸಿದ. ೧೮೧೩ರ ಮಾರ್ಚಿಯಲ್ಲಿ ಪ್ರಯೋಗಾಲಯದ ಸಹಾಯಕನ ಕೆಲಸ ದೊರೆಯಿತು. ಸೀಸೆ ತೊಳೆಯುವುದು, ಸಾಮಾನು ಹೊಂದಿಸಿಡುವುದು ಇವು ಅವನ ಮೊದಲ ಕರ್ತವ್ಯಗಳು. ಹದಿನೆಂಟು ವರ್ಷಗಳ ತರುವಾಯ, ೧೮೩೧ರಲ್ಲಿ, ಅದೇ ನೆಲಮಾಳಿಗೆಯಲ್ಲಿ ಅವನು ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ. ಇಂದು ಶರಾವತಿಯ ನೀರಿನಿಂದ ವಿದ್ಯುತ್ತನ್ನು ಹುಟ್ಟಿಸುವ ಜನಕಯಂತ್ರಗಳಿಗೆ ಆಧಾರ ಆ ತತ್ವವೇ.

ಮೇಣದ ಬತ್ತಿಯ ಪಾಠ

ತಾನು ಒಳಬಂದ ಬಾಗಿಲನ್ನು ಫ್ಯಾರಡೆ ಮರೆಯಲಿಲ್ಲ. ೧೮೨೫ರಲ್ಲಿ ಸಂಸ್ಥೆಯು ಎಳೆಯರಿಗಾಗಿ ಕ್ರಿಸ್‌ಮಸ್ ರಜೆಯ ಉಪನ್ಯಾಸಮಾಲೆಯನ್ನು ಆರಂಭಿಸಿತು. ೧೮೨೭ರಿಂದ ೧೮೬೦ರವರೆಗಿನ ಅವಧಿಯಲ್ಲಿ ಇಂಥ ಹತ್ತೊಂಬತ್ತು ಮಾಲೆಗಳನ್ನು ಫ್ಯಾರಡೆಯೇ ನಡೆಸಿಕೊಟ್ಟ. ಮಾತನಾಡುವ ಕಲೆಯನ್ನು ಅವನು ಗುರುವಿನಿಂದ ಕಲಿತ. ಉತ್ಸಾಹದಲ್ಲಿ ವೇಗ ಹೆಚ್ಚೀತೆಂದು, ‘ನಿಧಾನ’ ಎಂದು ಬರೆದ ಚೀಟಿಯನ್ನು ಉಪನ್ಯಾಸದ ವೇಳೆ ತನ್ನ ಮುಂದೆ ಇರಿಸಿಕೊಳ್ಳುತ್ತಿದ್ದ. ಮಕ್ಕಳ ಮುಂದೆ ನಿಲ್ಲುವುದು ಅವನಿಗೆ ಸಂಶೋಧನೆಯಷ್ಟೇ ಗಂಭೀರವಾದ ಕೆಲಸ.

ಇವುಗಳಲ್ಲೆಲ್ಲ ಹೆಸರಾದುದು ಮೇಣದ ಬತ್ತಿಯನ್ನು ಕುರಿತ ಮಾಲೆ. ೧೮೬೦ರ ಕೊನೆಯಲ್ಲಿ ಆರಂಭವಾದ ಆರು ಉಪನ್ಯಾಸಗಳು ಮರುವರ್ಷವೇ ಪುಸ್ತಕವಾಗಿ ಪ್ರಕಟವಾದುವು. ಯಾರ ಮನೆಯಲ್ಲಿಯೂ ಸಿಕ್ಕುವ ಬತ್ತಿಯನ್ನೇ ಅವನು ಆರಿಸಿಕೊಂಡುದರಲ್ಲಿ ಒಂದು ವಿವೇಕವಿದೆ. ಸಂಸ್ಥೆಯಲ್ಲಿ ಕಂಡುದನ್ನು ಹುಡುಗ ಮನೆಗೆ ಹೋಗಿ ತಾನೇ ಮಾಡಿನೋಡಬಹುದು. ಆ ಪಾಠದ ಕೆಲವು ಹಂತಗಳನ್ನು ನೀವೂ ಹಿರಿಯರೊಬ್ಬರನ್ನು ಬಳಿಯಲ್ಲಿರಿಸಿಕೊಂಡು ಮಾಡಿನೋಡಿರಿ.

ಮೊದಲು ಬತ್ತಿಯನ್ನು ಹೊತ್ತಿಸಿ ಸುಮ್ಮನೆ ನೋಡಿ. ಜ್ವಾಲೆಯ ಬುಡದಲ್ಲಿ ಮೇಣ ಕರಗಿ ಒಂದು ಪುಟ್ಟ ಬಟ್ಟಲಿನಲ್ಲಿ ನಿಂತಿದೆ. ಬಟ್ಟಲಿನ ಅಂಚು ಏಕೆ ಕರಗಿಹೋಗಲಿಲ್ಲ? ಜ್ವಾಲೆಯ ಬಿಸಿಗೆ ಗಾಳಿ ಮೇಲೇರುತ್ತದೆ. ಆ ಸ್ಥಳವನ್ನು ತುಂಬಲು ಸುತ್ತಲಿನ ತಣ್ಣನೆಯ ಗಾಳಿ ಬತ್ತಿಯ ಮೈಯನ್ನು ಸವರಿಕೊಂಡು ನುಗ್ಗಿ ಬರುತ್ತದೆ. ಆ ತಂಪಿನಿಂದ ಅಂಚು ಗಟ್ಟಿಯಾಗಿ ಉಳಿಯುತ್ತದೆ. ಕರಗಿದ ಮೇಣ ನೂಲಿನ ಎಳೆಗಳ ನಡುವಣ ಸಂದುಗಳ ಮೂಲಕ ಮೇಲಕ್ಕೆ ಏರುತ್ತದೆ. ನಮ್ಮ ಮನೆಯ ಹಣತೆಯಲ್ಲಿ ಹತ್ತಿಯ ಬತ್ತಿ ಎಣ್ಣೆಯನ್ನು ಮೇಲೆಳೆಯುವುದು ಇದೇ ಕ್ರಮದಿಂದ. ಇದಕ್ಕೆ ಲೋಮನಾಳ ಕ್ರಿಯೆಯೆಂದು ಹೆಸರು.

ಈಗ ಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ. ನೂಲಿನಿಂದ ಬಿಳಿಯ ಹೊಗೆ ಮೇಲೇಳುತ್ತದೆ. ಉರಿಯುವ ಕಡ್ಡಿಯೊಂದನ್ನು ನೂಲಿಗೆ ತಗುಲಿಸದೆ, ಒಂದೆರಡು ಅಂಗುಲ ಮೇಲೆ ಆ ಹೊಗೆಗೆ ಒಡನೆಯೇ ಹಿಡಿಯಿರಿ. ಬೆಂಕಿ ಹೊಗೆಯ ದಾರಿಯಲ್ಲಿಯೇ ಕೆಳಗಿಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಆ ಹೊಗೆ ಮೇಣದ ಆವಿಯೇ ಎಂಬುದು, ಉರಿಯುವುದು ಗಟ್ಟಿ ಮೇಣವೂ ಅಲ್ಲ, ದ್ರವವೂ ಅಲ್ಲ, ಆವಿ ಎಂಬುದು ಇದರಿಂದ ತಿಳಿಯುತ್ತದೆ.

ಮೂರನೆಯದಾಗಿ, ತಣ್ಣನೆಯ ತಟ್ಟೆಯೊಂದನ್ನು ಜ್ವಾಲೆಯ ಹಳದಿ ಭಾಗಕ್ಕೆ ಅಡ್ಡ ಹಿಡಿಯಿರಿ. ಕರಿಯ ಮಸಿ ಕೂರುತ್ತದೆ. ಹರಳೆಣ್ಣೆಯ ದೀಪದ ಮೇಲೆ ತಟ್ಟೆಯನ್ನು ಬೋರಲು ಹಾಕಿ ಅಜ್ಜಿಯರು ಕಾಡಿಗೆ ಹಿಡಿಯುತ್ತಿದ್ದುದು ಇದೇ ಮಸಿಯನ್ನು. ಇದು ಇಂಗಾಲದ ಕಣಗಳ ರಾಶಿ. ಜ್ವಾಲೆಯೊಳಗೆ ಈ ಕಣಗಳು ಕಾದು ಹೊಳೆಯುವುದರಿಂದಲೇ ನಮಗೆ ಬೆಳಕು. ಕಪ್ಪು ಮಸಿಯೇ ಹಳದಿ ಬೆಳಕಿಗೆ ಕಾರಣವೆಂಬುದು ಸೋಜಿಗವಲ್ಲವೆ?

ಬತ್ತಿ ಉರಿದು ಮುಗಿದ ಮೇಲೆ ಮೇಣ ಎಲ್ಲಿಗೆ ಹೋಯಿತು? ಮಂಜುಗಡ್ಡೆ ತುಂಬಿದ ಪಾತ್ರೆಯನ್ನು ಫ್ಯಾರಡೆ ಜ್ವಾಲೆಯ ಮೇಲೆ ಹಿಡಿದ. ತಳದಲ್ಲಿ ಹನಿಗಳು ಕೂಡಿದುವು. ಅವು ನೀರೇ ಎಂದು ತೋರಿಸಲು ಅದರಲ್ಲಿ ಪೊಟ್ಯಾಸಿಯಂ ಚೂರನ್ನು ಹಾಕಿದ. ಅದು ನೇರಳೆ ಜ್ವಾಲೆಯಿಂದ ಉರಿಯಿತು. ಡೇವಿ ಅದೇ ಕಟ್ಟಡದಲ್ಲಿ ಕಂಡ ಲೋಹ ಈಗ ಮಕ್ಕಳ ಪಾಠಕ್ಕೆ ಸಾಕ್ಷಿಯಾಗಿ ಬಂದಿತು. (ಪೊಟ್ಯಾಸಿಯಂ ಅಪಾಯಕರ ವಸ್ತು, ಈ ಒಂದು ಪ್ರಯೋಗವನ್ನು ನೀವು ಮಾಡತಕ್ಕದ್ದಲ್ಲ.) ಉರಿಯುವ ಬತ್ತಿಯ ಮೇಲೆ ಗಾಜಿನ ಜಾಡಿಯನ್ನು ಸ್ವಲ್ಪ ಹೊತ್ತು ಬೋರಲು ಹಿಡಿದು, ಅನಂತರ ಅದರಲ್ಲಿ ಸುಣ್ಣದ ತಿಳಿನೀರನ್ನು ಹಾಕಿ ಕುಲುಕಿದರೆ ನೀರು ಹಾಲಿನಂತೆ ಬಿಳಿಯಾಗುತ್ತದೆ, ಅದು ಇಂಗಾಲದ ಡೈಆಕ್ಸೈಡಿನ ಗುರುತು. ತಿಳಿನೀರಿಗೆ ಕೊಳವೆಯಿಂದ ನಮ್ಮ ಉಸಿರನ್ನು ಊದಿದರೂ ಅದೇ ಫಲ. ಬತ್ತಿ ಉರಿಯುವುದೂ ನಾವು ಉಸಿರಾಡಿ ಬದುಕುವುದೂ ರಸಾಯನದೃಷ್ಟಿಯಿಂದ ಒಂದೇ ಜಾತಿಯ ಕ್ರಿಯೆಗಳು ಎಂಬಲ್ಲಿಗೆ ಅವನು ಕೊನೆಯ ಉಪನ್ಯಾಸವನ್ನು ತಂದು ನಿಲ್ಲಿಸಿದ.

ಇಲ್ಲಿ ಗಮನಿಸಬೇಕಾದುದು ಕ್ರಮ. ಅವನು ತೀರ್ಮಾನವನ್ನು ಮೊದಲು ಹೇಳಲಿಲ್ಲ. ಪ್ರಶ್ನೆಯನ್ನು ಹಾಕಿ, ಪ್ರಯೋಗವನ್ನು ಮಾಡಿ, ಅದರ ಉತ್ತರದಿಂದಲೇ ಮುಂದಿನ ಪ್ರಶ್ನೆಯನ್ನು ಎತ್ತಿದ. ಸಂಶೋಧಕನು ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ. ಮಕ್ಕಳು ಕಂಡುದು ವಿಜ್ಞಾನದ ಫಲವನ್ನಷ್ಟೇ ಅಲ್ಲ, ವಿಜ್ಞಾನ ನಡೆಯುವ ರೀತಿಯನ್ನು. ಎರಡನೆಯ ಮಹಾಯುದ್ಧದ ಕೆಲವು ವರ್ಷಗಳನ್ನುಳಿದು ಈ ಉಪನ್ಯಾಸಗಳು ಇಂದಿಗೂ ನಡೆದು ಬಂದಿವೆ. ೧೯೬೬ರಿಂದ ಅವು ಟೆಲಿವಿಷನ್ನಿನ ಮೂಲಕ ಮನೆಮನೆಯನ್ನು ಮುಟ್ಟತೊಡಗಿದುವು.

ಆದರೆ ಈ ಬಗೆಗೆ ಒಂದು ಮಿತಿಯಿತ್ತು. ಆ ಕಾಲದಲ್ಲಿ ಮುಂದಿನ ಸಾಲುಗಳಲ್ಲಿ ಕುಳಿತವರು ಹೆಚ್ಚಾಗಿ ಉಳ್ಳವರ ಮಕ್ಕಳು. ಒಮ್ಮೆ ರಾಜಕುಮಾರನೂ ಬಂದಿದ್ದ. ರಟ್ಟು ಕಟ್ಟುವ ಹುಡುಗನಿಗೆ ಟಿಕೆಟ್ಟು ಕೊಡಲು ಪ್ರತಿಬಾರಿಯೂ ಉದಾರಿಯಾದ ಗಿರಾಕಿ ಇರುತ್ತಾನೆಯೆ? ೧೮೬೨ರಲ್ಲಿ ಶಾಲೆಗಳ ವಿಚಾರಣೆಗೆಂದು ನೇಮಕವಾದ ಆಯೋಗದ ಮುಂದೆ ಫ್ಯಾರಡೆ ಸಾಕ್ಷ್ಯ ನುಡಿದು, ವಿದ್ಯಾವಂತರೆನಿಸಿಕೊಂಡವರೂ ಪ್ರಕೃತಿಯ ಸಾಮಾನ್ಯ ನಿಯಮಗಳನ್ನರಿಯರೆಂದು ಮರುಗಿದ. ರಜೆಯ ಉಪನ್ಯಾಸವು ಶಾಲೆಯ ಕೆಲಸವನ್ನು ತಾನೇ ಮಾಡಲಾರದೆಂಬುದು ಅವನಿಗೆ ತಿಳಿದಿತ್ತು.

ಕಲ್ಕತ್ತೆಯ ಒಂದು ಫಲಕ

ಲಂಡನ್ನಿನ ಈ ಸಂಸ್ಥೆಯ ಮಾದರಿ ನಮ್ಮ ದೇಶದಲ್ಲಿ ಒಬ್ಬ ವೈದ್ಯರ ಮನಸ್ಸನ್ನು ಹಿಡಿಯಿತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು ಹಲವು ವರ್ಷ ದಾನಿಗಳ ಮನೆಬಾಗಿಲಿಗೆ ಅಲೆದು, ೧೮೭೬ರಲ್ಲಿ ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ವಿಜ್ಞಾನ ವರ್ಧನ ಭಾರತೀಯ ಸಂಘವನ್ನು ಸ್ಥಾಪಿಸಿದರು. ಭಾರತೀಯರೇ ನಡೆಸುವ, ಭಾರತೀಯರೇ ಸಂಶೋಧನೆ ಮಾಡುವ ಸಂಸ್ಥೆ ಬೇಕೆಂಬುದು ಅವರ ಹಟ. ಸಾರ್ವಜನಿಕ ಉಪನ್ಯಾಸಗಳು ನಡೆದುವು, ಕೇಳುವವರೂ ಬಂದರು. ಆದರೆ ಉಪಕರಣಗಳ ಮುಂದೆ ಕುಳಿತು ಸಂಶೋಧನೆ ಮಾಡುವವರು ಬರಲಿಲ್ಲ. ಆ ಕೊರಗಿನಲ್ಲಿಯೇ ೧೯೦೪ರಲ್ಲಿ ಅವರು ತೀರಿಕೊಂಡರು.

ಮೂರು ವರ್ಷಗಳ ಮೇಲೆ, ೧೯೦೭ರಲ್ಲಿ, ಸರ್ಕಾರದ ಹಣಕಾಸಿನ ಇಲಾಖೆಯ ಅಧಿಕಾರಿಯಾಗಿ ಹದಿನೆಂಟು ವಯಸ್ಸಿನ ಚಂದ್ರಶೇಖರ ವೆಂಕಟರಾಮನ್ ಕಲ್ಕತ್ತೆಗೆ ಬಂದರು. ವಿಜ್ಞಾನದಲ್ಲಿ ಅಪಾರ ಆಸಕ್ತಿ. ಆದರೆ ಜೀವನೋಪಾಯಕ್ಕೆ ಲೆಕ್ಕಪತ್ರದ ಕೆಲಸ. ಟ್ರಾಮಿನಲ್ಲಿ ಹೋಗುತ್ತಿದ್ದಾಗ ಸಂಘದ ಹೆಸರಿನ ಫಲಕ ಕಣ್ಣಿಗೆ ಬಿತ್ತು. ಇಳಿದು ಹೋಗಿ ಬಾಗಿಲು ತಟ್ಟಿದರು. ತೆರೆದವನು ಆಶುತೋಷ್ ಡೇ ಎಂಬ ನೌಕರ. ಅವನು ಮುಂದೆ ಕಾಲು ಶತಮಾನ ರಾಮನ್ ಅವರಿಗೆ ಪ್ರಯೋಗಗಳಲ್ಲಿ ನೆರವಾದ. ಸಂಘದವರು ಈ ಯುವಕನ ಪದವಿ, ಶಿಫಾರಸು ಯಾವುದನ್ನೂ ಕೇಳುತ್ತ ಕೂರಲಿಲ್ಲ. ಪ್ರಯೋಗಾಲಯವನ್ನು ಅವರ ವಶಕ್ಕೆ ಬಿಟ್ಟರು. ಕಛೇರಿಗೆ ಮೊದಲು ಬೆಳಗ್ಗೆ, ಕಛೇರಿ ಮುಗಿದ ಮೇಲೆ ಸಂಜೆ, ಅವರ ಕೆಲಸ ಅಲ್ಲಿ. ೧೯೨೮ರ ಫೆಬ್ರವರಿ ೨೮ರಂದು ರಾಮನ್ ಪರಿಣಾಮ ಗೋಚರವಾದುದು ಆ ಸಂಘದಲ್ಲಿಯೇ. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಡಾಕ್ಟರ್ ಸರ್ಕಾರ್ ಅವರು ಕಾದಿದ್ದವನು ಬಂದ, ನೋಡಲು ಅವರಿರಲಿಲ್ಲ.

ರಾಮನ್ ಅವರು ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದರು. ೧೯೪೮ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಅಲ್ಲಿ ಕಟ್ಟಿದರು. ಅವರು ಸಂಗ್ರಹಿಸಿದ್ದ ಹರಳುಗಳು, ಖನಿಜಗಳು, ಚಿಟ್ಟೆಗಳು ಅಲ್ಲಿದ್ದುವು. ಶಾಲೆಯ ಮಕ್ಕಳು ಬಂದರೆ ಮುದುಕರಾದ ಆ ವಿಜ್ಞಾನಿ ತಾವೇ ಜೊತೆಯಲ್ಲಿ ನಡೆದು, ಕತ್ತಲೆಯಲ್ಲಿ ಹೊಳೆಯುವ ಕಲ್ಲುಗಳನ್ನು ತೋರಿಸುತ್ತಿದ್ದರು. ವಿಕ್ರಮ್ ಸಾರಾಭಾಯಿ ಅವರು ಎಳೆಯರಿಗಾಗಿ ಅಹಮದಾಬಾದಿನಲ್ಲಿ ಆರಂಭಿಸಿದ ಸಮುದಾಯ ವಿಜ್ಞಾನ ಕೇಂದ್ರದಲ್ಲಿ ೧೯೬೮ರ ಡಿಸೆಂಬರಿನಲ್ಲಿ ರಾಮನ್ ಮಾತನಾಡಿದ ವಿಷಯ, ಆಕಾಶ ನೀಲಿಯಾಗಿರುವುದೇಕೆ ಎಂಬುದು. ಆಗ ಅವರಿಗೆ ಎಂಬತ್ತು ವರ್ಷ. ಫ್ಯಾರಡೆಗೆ ಬತ್ತಿ; ರಾಮನ್ ಅವರಿಗೆ ಆಕಾಶ. ಎರಡಕ್ಕೂ ಕಾಸು ಕೊಡಬೇಕಾಗಿಲ್ಲ.

ಹೋಶಂಗಾಬಾದಿನ ಶಾಲೆಗಳು

ಉಪನ್ಯಾಸವಾಗಲಿ ಪ್ರಯೋಗಾಲಯವಾಗಲಿ ನಗರದಲ್ಲಿರುತ್ತದೆ. ಹಳ್ಳಿಯ ಮಗು ಅಲ್ಲಿಗೆ ಹೋಗುವ ಬಗೆ ಹೇಗೆ? ಈ ಪ್ರಶ್ನೆಗೆ ಧೈರ್ಯದಿಂದ ಉತ್ತರ ಕೊಡಲು ಯತ್ನಿಸಿದುದು ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ. ಈ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ಗ್ರಾಮೀಣ ಕೇಂದ್ರ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು, ಸರ್ಕಾರದ ಒಪ್ಪಿಗೆ ಪಡೆದು, ೧೯೭೨ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಇದನ್ನು ಆರಂಭಿಸಿದುವು. ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದು, ಹಳ್ಳಿಯ ಶಿಕ್ಷಕರೊಡನೆ ನೆಲದ ಮೇಲೆ ಕುಳಿತು ಪ್ರಯೋಗಗಳನ್ನು ಮಾಡಿದರು. ೧೯೭೮ರಲ್ಲಿ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಕಾರ್ಯಕ್ರಮ ಹರಡಿತು.

ಇಲ್ಲಿಯ ರೀತಿ ಹೊಸದು. ಮಕ್ಕಳು ನಾಲ್ವರ ಗುಂಪುಗಳಲ್ಲಿ ಅಗ್ಗದ ಸಾಮಾನುಗಳಿಂದ ಪ್ರಯೋಗ ಮಾಡಿ, ಕಂಡುದನ್ನು ಬರೆದು, ತಮ್ಮತಮ್ಮಲ್ಲಿ ಚರ್ಚಿಸಬೇಕು. ‘ಬಾಲ ವೈಜ್ಞಾನಿಕ’ ಎಂಬ ಪುಸ್ತಕದಲ್ಲಿ ಮಾಡಬೇಕಾದ ಕೆಲಸವೂ ಪ್ರಶ್ನೆಗಳೂ ಇದ್ದುವು, ಸಿದ್ಧವಾದ ಉತ್ತರಗಳಿರಲಿಲ್ಲ. ಅಳತೆಯ ವಿಷಯವನ್ನೇ ತೆಗೆದುಕೊಳ್ಳಿ. ಒಂದೇ ಮೇಜನ್ನು ನಾಲ್ವರು ಅಳೆದರೆ ನಾಲ್ಕು ಉತ್ತರ ಬರುವುದುಂಟು. ‘ಸರಿಯಾದುದು ಇದು’ ಎಂದು ಗುರುಗಳು ಹೇಳಿಬಿಟ್ಟರೆ ಪಾಠ ಮುಗಿಯಿತು. ವ್ಯತ್ಯಾಸ ಏಕೆ ಬಂತೆಂದು ಮಕ್ಕಳನ್ನೇ ಕೇಳಿದರೆ ಪಾಠ ಆರಂಭವಾಯಿತು. ಪರೀಕ್ಷೆಯಲ್ಲಿ ಪುಸ್ತಕವನ್ನು ತೆರೆದಿಟ್ಟುಕೊಂಡು ಬರೆಯಲು ಅನುಮತಿಯಿತ್ತು. ಕೈಯಾರೆ ಮಾಡಬೇಕಾದ ಪರೀಕ್ಷೆಯೂ ಇತ್ತು. ಜ್ಞಾಪಕಶಕ್ತಿಯೊಂದರಿಂದಲೇ ಅಲ್ಲಿ ತೇರ್ಗಡೆಯಾಗುವಂತಿರಲಿಲ್ಲ. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತಮ್ಮ ತೊಡಕುಗಳನ್ನು ಹೇಳಿಕೊಳ್ಳುತ್ತಿದ್ದರು. ‘ಸವಾಲೀರಾಮ್’ ಎಂಬ ಕಲ್ಪಿತ ವ್ಯಕ್ತಿಗೆ ಮಕ್ಕಳು ಕಾಗದ ಬರೆದು ಪ್ರಶ್ನೆ ಕೇಳುತ್ತಿದ್ದರು. ಆ ಹೆಸರಿನಲ್ಲಿಯೇ ಉತ್ತರ ಬರುತ್ತಿತ್ತು.

೧೯೮೨ರಿಂದ ಏಕಲವ್ಯ ಎಂಬ ಸಂಸ್ಥೆ ಈ ಹೊಣೆಯನ್ನು ಹೊತ್ತಿತು. ಇತರ ಜಿಲ್ಲೆಗಳ ಶಾಲೆಗಳಿಗೂ ಕಾರ್ಯಕ್ರಮ ಹಬ್ಬಿತು. ಆದರೆ ೨೦೦೨ರಲ್ಲಿ ರಾಜ್ಯ ಸರ್ಕಾರ ಇದನ್ನು ನಿಲ್ಲಿಸಿತು. ಶಿಕ್ಷಕರೂ ವಿಜ್ಞಾನಿಗಳೂ ಪ್ರತಿಭಟಿಸಿದರು, ಫಲ ದೊರೆಯಲಿಲ್ಲ. ಮೂವತ್ತು ವರ್ಷ ತೆರೆದಿದ್ದ ಬಾಗಿಲನ್ನು ಒಂದು ಆಜ್ಞೆ ಮುಚ್ಚಬಲ್ಲುದೆಂಬುದು ಕಹಿಯಾದ ಪಾಠ. ಬಾಗಿಲನ್ನು ತೆರೆಯುವುದು ಒಂದು ದಿನದ ಕೆಲಸ. ತೆರೆದಿರುವಂತೆ ನೋಡಿಕೊಳ್ಳುವುದು ಪ್ರತಿದಿನದ ಕೆಲಸ. ಅದಕ್ಕೆ ವಿಜ್ಞಾನಿ, ಶಿಕ್ಷಕ, ತಂದೆತಾಯಿ ಎಲ್ಲರೂ ಬೇಕು.

ವಿದ್ಯಾರ್ಥಿಯ ಪಾಲು

ನಮ್ಮ ನಾಡಿನಲ್ಲಿ ಈಗ ಅನುಕೂಲಗಳಿಗೆ ಕೊರತೆಯಿಲ್ಲ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ವರ್ಷಕ್ಕೊಂದು ದಿನ ತನ್ನ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಇರುವ ಅದರ ಎರಡನೆಯ ಆವರಣದಲ್ಲಿ ಶಾಲಾ ಕಾಲೇಜುಗಳ ಅಧ್ಯಾಪಕರಿಗೆ ತರಬೇತಿ ನಡೆಯುತ್ತ ಬಂದಿದೆ. ಫೆಬ್ರವರಿ ೨೮ನ್ನು ೧೯೮೭ರಿಂದ ರಾಷ್ಟ್ರೀಯ ವಿಜ್ಞಾನ ದಿನವೆಂದು ದೇಶದಲ್ಲೆಲ್ಲ ಆಚರಿಸಲಾಗುತ್ತಿದೆ.

ಆದರೆ ಜಾತ್ರೆಗೆ ಹೋಗಿ, ತೇರಿಗೆ ದೂರದಿಂದ ಕೈಮುಗಿದು, ಬತ್ತಾಸು ಕೊಂಡು ಬಂದಂತೆ ಪ್ರಯೋಗಾಲಯಗಳನ್ನು ನೋಡಿ ಬಂದರೆ ಪ್ರಯೋಜನ ಸ್ವಲ್ಪ. ಇಪ್ಪತ್ತು ಕೊಠಡಿಗಳನ್ನು ಓಡೋಡಿ ನೋಡುವುದಕ್ಕಿಂತ ಒಂದೆರಡರಲ್ಲಿ ನಿಂತು ಕೇಳುವುದು ಲೇಸು. ಅಲ್ಲಿಯವರನ್ನು ಮೂರು ಪ್ರಶ್ನೆ ಕೇಳಿರಿ: ನೀವು ತಿಳಿಯಹೊರಟಿರುವುದು ಏನನ್ನು? ನಿಮ್ಮ ಊಹೆ ತಪ್ಪಾಗಿದ್ದರೆ ಅದು ನಿಮಗೆ ಹೇಗೆ ಗೊತ್ತಾಗುತ್ತದೆ? ಈ ಕೆಲಸದಲ್ಲಿ ಕೆಟ್ಟುಹೋದ ಪ್ರಯೋಗ ಯಾವುದು? ಮೂರನೆಯದಕ್ಕೆ ಬರುವ ಉತ್ತರವೇ ಹೆಚ್ಚು ಬೋಧಪ್ರದವಾದೀತು. ಮನೆಗೆ ಬಂದು, ಫ್ಯಾರಡೆ ಮಾಡಿದಂತೆ, ಕಂಡುದನ್ನೂ ಕೇಳಿದುದನ್ನೂ ಚಿತ್ರಸಹಿತ ಬರೆದಿಡಿ. ಅರ್ಥವಾಗದುದನ್ನು ಅರ್ಥವಾಗಲಿಲ್ಲವೆಂದೇ ಬರೆಯಿರಿ. ಮುಂದಿನ ಓದಿಗೆ ಅಲ್ಲಿಂದ ದಾರಿ.

ಫ್ಯಾರಡೆಗೆ ಸಿಕ್ಕಿದುದು ನಾಲ್ಕು ಟಿಕೆಟ್ಟು; ರಾಮನ್ ಅವರಿಗೆ ಸಿಕ್ಕಿದುದು ಒಂದು ಫಲಕದ ನೋಟ. ಉಳಿದುದನ್ನು ಅವರು ತಮ್ಮ ದುಡಿಮೆಯಿಂದ ಪಡೆದರು. ಆದರೆ ಆ ಟಿಕೆಟ್ಟು, ಆ ಫಲಕ ಇಲ್ಲದಿದ್ದರೆ ಅವರ ದುಡಿಮೆಗೆ ನೆಲೆಯೇ ಇರುತ್ತಿರಲಿಲ್ಲ. ಬಾಗಿಲು ತೆರೆಯುವುದು ಸಂಸ್ಥೆಯ ಧರ್ಮ. ತಟ್ಟುವುದು ವಿದ್ಯಾರ್ಥಿಯ ಧರ್ಮ.

ಅಭ್ಯಾಸ

೧. ಹೊತ್ತಿರುವ ಮೇಣದ ಬತ್ತಿಯನ್ನು ಹತ್ತು ನಿಮಿಷ ನೋಡಿ, ಕಂಡುದನ್ನೆಲ್ಲ ಬರೆಯಿರಿ. ಕಂಡುದು ಯಾವುದು, ಊಹಿಸಿದುದು ಯಾವುದು ಎಂದು ಬೇರ್ಪಡಿಸಿರಿ.

೨. ಹಣತೆಯ ಜ್ವಾಲೆಗೂ ಮೇಣದ ಬತ್ತಿಯ ಜ್ವಾಲೆಗೂ ಇರುವ ಸಾಮ್ಯವನ್ನೂ ಭೇದವನ್ನೂ ತಿಳಿಸಿರಿ.

೩. ನಾಲ್ವರು ಗೆಳೆಯರು ಒಂದೇ ಮೇಜಿನ ಉದ್ದವನ್ನು ಬೇರೆಬೇರೆಯಾಗಿ ಅಳೆದು ಹೋಲಿಸಿರಿ. ವ್ಯತ್ಯಾಸಕ್ಕೆ ಕಾರಣವನ್ನು ಚರ್ಚಿಸಿರಿ.

೪. ನಿಮ್ಮ ಊರಿಗೆ ಸಮೀಪದಲ್ಲಿರುವ ಸಂಶೋಧನ ಸಂಸ್ಥೆ ಅಥವಾ ಕೃಷಿ ಸಂಶೋಧನ ಕೇಂದ್ರ ಯಾವುದು? ಅಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಸಿದ್ಧಮಾಡಿರಿ.